ಫ್ಲೂ ಜ್ವರ: ಮೊದಲ 48 ಗಂಟೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ಮುಂಗಾರು ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಕ್ಲಿನಿಕ್‌ಗಳ ಮುಂದೆ ಚಪ್ಪಲಿ ಸಾಲು ಬೆಳೆಯುತ್ತದೆ. ಒಳಗೆ ಹೋದವರ ಮಾತೂ ಹೆಚ್ಚುಕಡಿಮೆ ಒಂದೇ: "ಜ್ವರ ಬಂದಾವ್ರಿ, ಮೈ-ಕೈ ಎಲ್ಲಾ ನೋವು. ಒಂದು ಸೂಜಿ ಮಾಡಿಬಿಡ್ರಿ, ನಾಳೆ ಕೆಲಸಕ್ಕೆ ಹೋಗಬೇಕು." ಸೂಜಿ ಆಗುತ್ತದೆ, ಬೆವರು ಬಂದು ಜ್ವರ ಇಳಿಯುತ್ತದೆ, ಮರುದಿನ ಆ ಮನುಷ್ಯ ಅಕ್ಕಿ ಗಿರಣಿಗೋ ಹೊಲಿಗೆ ಯೂನಿಟ್‌ಗೋ ಹೋಗುತ್ತಾನೆ. ಮೂರನೆಯ ದಿನಕ್ಕೆ ಪಕ್ಕದ ಮಷಿನ್‌ನವನೂ ಮಲಗುತ್ತಾನೆ.

ಫ್ಲೂ, ಅಂದರೆ ಇನ್‌ಫ್ಲುಯೆಂಜಾ, ಹರಡುವುದು ಆತುರದಿಂದ. ದಡಾರ ಒಬ್ಬರಿಂದ ಹತ್ತು-ಹದಿನೈದು ಜನಕ್ಕೆ ಅಂಟಬಲ್ಲದು. ಪ್ರತಿವರ್ಷದ ಫ್ಲೂ ಸರಾಸರಿ ಒಬ್ಬರಿಂದ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ಆದರೆ ಈ ದಾಟುವಿಕೆ ಸುಮಾರು ಮೂರು ದಿನಕ್ಕೊಮ್ಮೆ ನಡೆಯುತ್ತದೆ. ವೈರಸ್ ಮೈಸೇರಿದ ಮೇಲೆ 1ರಿಂದ 4 ದಿನದಲ್ಲಿ, ಬಹಳ ಸಲ ಎರಡನೆಯ ದಿನವೇ, ಜ್ವರ ಕಾಣುತ್ತದೆ. ಜ್ವರ ಕಾಣುವ ಹಿಂದಿನ ದಿನದಿಂದಲೇ ಬೇರೆಯವರಿಗೆ ಅಂಟಿಸುವುದು ಶುರುವಾಗಿ, ಜ್ವರ ಬಂದ ಮೇಲೆ 5ರಿಂದ 7 ದಿನ ನಡೆಯುತ್ತದೆ. ಮೂಗು-ಗಂಟಲಲ್ಲಿ ವೈರಸ್ ಅತಿ ಹೆಚ್ಚಿರುವುದು ಮೊದಲ ಎರಡು-ಮೂರು ದಿನ. ಇದರ ಔಷಧಿ ಚೆನ್ನಾಗಿ ಕೆಲಸ ಮಾಡುವುದೂ ಮೊದಲ ಎರಡು ದಿನದೊಳಗೆ. ಆದ್ದರಿಂದ ಈ ಬರಹದಲ್ಲಿ ಬರುವ ಹೆಚ್ಚಿನ ಮಾತು ಆ 48 ಗಂಟೆಯ ಸುತ್ತಲೇ ಇದೆ.

ಇದು ಫ್ಲೂ ಹೌದೋ ಅಲ್ಲವೋ

ಸಾದಾ ನೆಗಡಿ ಮೆಲ್ಲಗೆ ಬರುತ್ತದೆ. ಮೊದಲು ಸೀನು, ಆಮೇಲೆ ಸೋರುವ ಮೂಗು, ಜ್ವರ ಬಂದರೂ ಸಣ್ಣದು. ಫ್ಲೂ ಬಂದವರು ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಹೇಳಬಲ್ಲರು: "ಮಧ್ಯಾಹ್ನ ಊಟ ಮಾಡುವಾಗ ಚೆನ್ನಾಗಿದ್ದೆ, ಸಂಜೆ ನಾಲ್ಕಕ್ಕೆ ಏಳಲಾಗಲಿಲ್ಲ." 101-103 ಡಿಗ್ರಿ ಜ್ವರ, ತಲೆನೋವು, ಸೊಂಟ-ತೊಡೆ ಹಿಂಡಿದಂಥ ನೋವು, ಒಣಕೆಮ್ಮು, ಗಂಟಲು ಕೆರೆತ. ಮಕ್ಕಳಲ್ಲಿ ವಾಂತಿ-ಭೇದಿಯೂ ಸೇರಬಹುದು. ಮುದುಕರಲ್ಲಿ ಒಮ್ಮೊಮ್ಮೆ ಜ್ವರವೇ ಕಾಣದೆ ಬರೀ ನಿತ್ರಾಣ, ಮಂಕು, ಊಟ ಬೇಡ ಅನ್ನುವುದಷ್ಟೇ ಇರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೆ ಫ್ಲೂ ಇದ್ದಾಗ ಅಜ್ಜಿ ಸುಮ್ಮನೆ ಮಲಗಿದ್ದಾರೆಂದರೆ ಅದನ್ನೂ ಫ್ಲೂ ಎಂದೇ ಎಣಿಸಬೇಕು.

ಇದೇ ಮಳೆಗಾಲದಲ್ಲಿ ಈ ಮೂರೂ ಜಿಲ್ಲೆಗಳಲ್ಲಿ ಡೆಂಗಿಯೂ ಇರುತ್ತದೆ. ನೀರು ದಿನಬಿಟ್ಟು ದಿನ ಬರುವ ಓಣಿಗಳಲ್ಲಿ ಡ್ರಮ್, ತೊಟ್ಟಿ ತುಂಬಿಡುವುದು ಅನಿವಾರ್ಯ, ಸೊಳ್ಳೆಗೆ ಅಷ್ಟೇ ಸಾಕು. ಕೆಮ್ಮು-ಗಂಟಲುನೋವು ಜ್ವರದ ಜೊತೆಗೇ ಬಂದಿದ್ದರೆ ಫ್ಲೂ ಕಡೆಗೆ ತೂಕ. ಕೆಮ್ಮಿಲ್ಲದೆ ಕಣ್ಣುಗುಡ್ಡೆಯ ಹಿಂದೆ ನೋವು, ಮೈಮೇಲೆ ಕೆಂಪು ಗುಳ್ಳೆ, ಒಸಡಲ್ಲಿ ರಕ್ತ ಇದ್ದರೆ ಡೆಂಗಿ ಕಡೆಗೆ. ಬಿಟ್ಟುಬಿಟ್ಟು ನಡುಗಿಸುವ ಚಳಿಜ್ವರವಾದರೆ ಮಲೇರಿಯಾ ರಕ್ತಪರೀಕ್ಷೆ ಮಾಡಿಸಬೇಕು. ಮೊದಲ ದಿನ ಬರೀ ಲಕ್ಷಣ ನೋಡಿ ಇವನ್ನೆಲ್ಲ ಖಚಿತವಾಗಿ ಬೇರೆ ಮಾಡಲು ಡಾಕ್ಟರಿಗೂ ಆಗುವುದಿಲ್ಲ. ಅದಕ್ಕೇ ಕೆಳಗೆ ಹೇಳುವ ಗುಳಿಗೆ ವಿಚಾರದಲ್ಲಿ ಡೆಂಗಿ ಇದ್ದರೂ ಅಪಾಯವಾಗದ ದಾರಿಯನ್ನೇ ಹಿಡಿದಿದೆ.

ಜ್ವರ ಅಳೆಯುವುದರಲ್ಲಿ ನಮ್ಮ ಕಡೆ ಆಗುವ ಒಂದು ತಪ್ಪು: ಪಾದರಸದ ಗಾಜಿನ ಥರ್ಮಾಮೀಟರ್ ಏರಿದ್ದು ತಾನಾಗಿ ಇಳಿಯುವುದಿಲ್ಲ, ಝಾಡಿಸಿ 95ಕ್ಕಿಂತ ಕೆಳಗೆ ತರಬೇಕು. ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ಇರುವಾಗ ಎಷ್ಟು ಝಾಡಿಸಿದರೂ ಅದು ಮತ್ತೆ ಏರಿ ಕೂರುತ್ತದೆ. ಮೊದಲು ಮಡಕೆಯ ತಣ್ಣೀರಲ್ಲಿ ಒಂದು ನಿಮಿಷ ಅದ್ದಿ, ಝಾಡಿಸಿ, ಒರೆಸಿ, ತಕ್ಷಣ ಬಗಲಲ್ಲಿಡಿ. ಬಗಲ ಬೆವರು ಮೊದಲೇ ಒರೆಸಿರಬೇಕು. ಬಿಸಿಲಿಂದ ಬಂದವರನ್ನು ಇಪ್ಪತ್ತು ನಿಮಿಷ ನೆರಳಲ್ಲಿ ಕೂರಿಸಿ ಆಮೇಲೆ ನೋಡಿ. ಬಗಲಲ್ಲಿ ಬಂದ ಅಂಕಿ ಬಾಯಲ್ಲಿಟ್ಟಾಗ ಬರುವುದಕ್ಕಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರುತ್ತದೆ. ಕೂಡಿಸಿ ಬರೆಯುವ ಗೋಜಿಗೆ ಹೋಗಬೇಡಿ, "ಬಗಲಲ್ಲಿ 101" ಎಂದು ಬರೆದಿಟ್ಟರೆ ಡಾಕ್ಟರಿಗೆ ತಿಳಿಯುತ್ತದೆ.

ಒಳಗೆ ನಡೆಯುವುದೇನು

ವೈರಸ್ಸಿನ ಅಡ್ಡಳತೆ ಸುಮಾರು 100 ನ್ಯಾನೋಮೀಟರ್, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅದರ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಹೀಮಾಗ್ಲುಟಿನಿನ್ ಎಂಬುದು ಕೊಕ್ಕೆ. ಮೂಗು, ಗಂಟಲು, ಶ್ವಾಸನಾಳದ ಒಳಪದರದ ಜೀವಕೋಶಗಳ ಮೇಲಿರುವ ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ತುದಿಗೆ ಇದು ಸಿಕ್ಕಿಕೊಳ್ಳುತ್ತದೆ. ನ್ಯೂರಾಮಿನಿಡೇಸ್ ಎಂಬುದು ಕತ್ತರಿ. ಒಳಗೆ ತಯಾರಾದ ಹೊಸ ವೈರಸ್‌ಗಳು ಹೊರಬರುವಾಗ ಅದೇ ಸಕ್ಕರೆಗೆ ಅಂಟಿಕೊಂಡು ನಿಲ್ಲದಂತೆ ಇದು ಕತ್ತರಿಸಿ ಬಿಡುತ್ತದೆ. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳಲ್ಲಿ ಎಚ್ ಎಂದರೆ ಕೊಕ್ಕೆಯ ನಮೂನೆ, ಎನ್ ಎಂದರೆ ಕತ್ತರಿಯ ನಮೂನೆ.

ಒಂದು ಕೋಶದೊಳಗೆ ಹೊಕ್ಕರೆ ಕೆಲವೇ ತಾಸಿನಲ್ಲಿ ಹೊಸ ವೈರಸ್‌ಗಳು ಹೊರಬೀಳುತ್ತವೆ. ಶ್ವಾಸನಾಳದ ಒಳಗೆ ಧೂಳು, ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳಿರುವ ಪದರವೇ ಉದುರುತ್ತದೆ. ಜ್ವರ ಬಿಟ್ಟ ಮೇಲೂ ಎರಡು ವಾರ ಕೆಮ್ಮು ಉಳಿಯುವುದು ಆ ಪದರ ಮತ್ತೆ ಬೆಳೆಯುವ ತನಕ. ಮೈ ನೋವು ಮಾತ್ರ ವೈರಸ್ ಸ್ನಾಯುವಿಗೆ ಹೊಕ್ಕಿದ್ದರಿಂದಲ್ಲ. ದೇಹ ತನ್ನ ರಕ್ಷಣೆಗೆ ರಕ್ತಕ್ಕೆ ಬಿಡುವ ಇಂಟರ್‌ಫೆರಾನ್ ಮುಂತಾದ ವಸ್ತುಗಳು ಕೊಡುವ ನೋವು ಅದು. ರೋಮದ ಪದರ ಉದುರಿದ ಜಾಗದಲ್ಲಿ ನ್ಯುಮೊಕಾಕಸ್, ಸ್ಟೆಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಸುಲಭವಾಗಿ ಇಳಿಯುತ್ತವೆ. ಫ್ಲೂ ಆದವರಲ್ಲಿ ನಾಲ್ಕೈದನೆಯ ದಿನ ಜ್ವರ ಬಿಟ್ಟಂತಾಗಿ ಮತ್ತೆ ಏರಿದರೆ ಮೊದಲ ಅನುಮಾನ ಫ್ಲೂ ಬೆನ್ನಿಗೆ ಬ್ಯಾಕ್ಟೀರಿಯಾ ತರುವ ಈ ನ್ಯುಮೋನಿಯಾದ, ಅಂದರೆ ಶ್ವಾಸಕೋಶದ ಸೋಂಕಿನ ಮೇಲೆ.

ಸಂಡೂರಿನ ಗಣಿ ಧೂಳು, ಸ್ಪಾಂಜ್ ಐರನ್ ಕಾರ್ಖಾನೆಗಳ ಹೊಗೆ, ಗಂಗಾವತಿ-ಸಿಂಧನೂರಿನ ಗಿರಣಿಗಳ ತೌಡು-ಹೊಟ್ಟು ವರ್ಷಗಟ್ಟಲೆ ಕುಡಿದ ಶ್ವಾಸಕೋಶದಲ್ಲಿ ಆ ರೋಮಗಳು ಮೊದಲೇ ಸೋತಿರಬಹುದು. ವಯಸ್ಸು ನಲವತ್ತೇ ಇದ್ದರೂ ಹತ್ತು-ಹದಿನೈದು ವರ್ಷ ಧೂಳಲ್ಲಿ ದುಡಿದು ದಮ್ಮು ಇರುವವರನ್ನು ಅಪಾಯದ ಗುಂಪಿನಲ್ಲೇ ಲೆಕ್ಕ ಹಾಕಬೇಕು.

ಗಾಳಿ ಮೊದಲು, ಫಿನಾಯಿಲ್ ಆಮೇಲೆ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವುದು ಎಲ್ಲರಿಗೂ ನೆನಪಾಗುತ್ತದೆ, ಕಿಟಕಿ ತೆರೆಯುವುದು ನೆನಪಾಗುವುದಿಲ್ಲ. ಫ್ಲೂ ಹೆಚ್ಚಾಗಿ ದಾಟುವುದು ಕೆಮ್ಮು, ಸೀನು, ಮಾತಿನ ಹನಿಗಳಿಂದ. ದಪ್ಪ ಹನಿಗಳು ಮೂರರಿಂದ ಆರು ಅಡಿಯೊಳಗೆ ಬೀಳುತ್ತವೆ. ಸಣ್ಣವು ಮುಚ್ಚಿದ ಕೋಣೆಯ ಗಾಳಿಯಲ್ಲಿ ಇನ್ನೂ ಹೊತ್ತು ತೇಲುತ್ತವೆ. ಸ್ಟೀಲ್, ಪ್ಲಾಸ್ಟಿಕ್‌ನಂಥ ನುಣುಪು ಜಾಗದಲ್ಲಿ ವೈರಸ್ 24ರಿಂದ 48 ತಾಸು ಉಳಿಯಬಲ್ಲದು, ಬಟ್ಟೆ-ಕಾಗದದ ಮೇಲೆ 8ರಿಂದ 12 ತಾಸು, ಕೈಮೇಲೆ ಕೆಲವು ನಿಮಿಷ ಅಷ್ಟೇ. ಆ ಕೆಲವು ನಿಮಿಷದಲ್ಲಿ ಕೈ ಮೂಗಿಗೋ ಕಣ್ಣಿಗೋ ಹೋದರೆ ಸಾಕು, ಅದಕ್ಕೇ ಸೋಪು.

ಎಲ್ಲರಿಗೂ ಬೇರೆ ಕೋಣೆ ಇರುವುದಿಲ್ಲ. ಒಂದೇ ಕೋಣೆಯ ಮನೆಯಾದರೆ ಜ್ವರದವರ ಹಾಸಿಗೆಯನ್ನು ಗಾಳಿ ಹೊರಹೋಗುವ ಕಿಟಕಿಯ ಬದಿಗೆ, ಉಳಿದವರದನ್ನು ಗಾಳಿ ಒಳಬರುವ ಬಾಗಿಲ ಬದಿಗೆ ಹಾಕಿ. ಯಾವ ಕಡೆ ಹೊರಹೋಗುತ್ತದೆ ಎಂದು ತಿಳಿಯಲು ಒಂದು ಊದುಬತ್ತಿ ಹಚ್ಚಿ ಹೊಗೆ ಎತ್ತ ವಾಲುತ್ತದೆ ನೋಡಿ, ನೋಡಿದ ಮೇಲೆ ಆರಿಸಿಬಿಡಿ, ಕೆಮ್ಮುವವರಿಗೆ ಆ ಹೊಗೆ ಒಳ್ಳೆಯದಲ್ಲ. ಹಾಸಿಗೆಗಳ ನಡುವೆ ಆರಡಿ ಆಗದಿದ್ದರೆ ಮೂರಡಿಯಾದರೂ ಇರಲಿ, ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು ಬರಲಿ. ಮಳೆ ಇಲ್ಲದ ರಾತ್ರಿ ಮಾಳಿಗೆ ಮೇಲೋ ಪಡಸಾಲೆಯಲ್ಲೋ ಮಲಗುವುದು ಎಲ್ಲಕ್ಕಿಂತ ಒಳ್ಳೆಯದು, ಸೊಳ್ಳೆಪರದೆ ಕಟ್ಟಿಕೊಂಡು.

ಟೇಬಲ್ ಫ್ಯಾನ್ ಇದ್ದರೆ ಅದನ್ನು ರೋಗಿಯ ಹಿಂದಿಟ್ಟು ಮನೆಯವರ ಕಡೆ ತಿರುಗಿಸುವುದು ದೊಡ್ಡ ತಪ್ಪು, ಕೆಮ್ಮನ್ನು ಹೊತ್ತು ತಂದು ಹಂಚಿದಂತಾಗುತ್ತದೆ. ಕಿಟಕಿಯ ಹತ್ತಿರ, ಹೊರಗೆ ಮುಖ ಮಾಡಿ ಇಡಿ; ಕೋಣೆಯ ಗಾಳಿಯನ್ನು ಎಳೆದು ಹೊರಗೆ ಚೆಲ್ಲುತ್ತದೆ. ಕೂಲರ್ ಸಂಗತಿ ಬೇರೆ. ಕಿಟಕಿಗೆ ಕೂರಿಸಿದ ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ತಳ್ಳುತ್ತದೆ, ಎದುರು ಬಾಗಿಲು ತೆರೆದಿದ್ದರೆ ಹಳೆಯ ಗಾಳಿ ಹೋಗುತ್ತದೆ. ಅದೇ ಕೂಲರನ್ನು ಕೋಣೆಯ ನಡುವೆ ಇಟ್ಟು ಬಾಗಿಲು ಹಾಕಿದರೆ ಇದ್ದ ಗಾಳಿಯೇ ಸುತ್ತುತ್ತದೆ. ಮನೆಯ ಎ.ಸಿ.ಯೂ ಹೀಗೇ, ಹೊರಗಾಳಿ ತರುವುದಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್‌ಗಳಲ್ಲಿ ಸಾಲುಸಾಲು ಮಷಿನ್ ಹಾಕಿ, ನೂಲಿನ ಧೂಳು ಹಾರದಿರಲಿ ಎಂದು ಕಿಟಕಿ ಹಾಕಿಬಿಡುತ್ತಾರೆ. ಅಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎದುರು ಗೋಡೆಯ ಕಿಟಕಿ ತೆರೆಯುವುದು ಯಾವ ಸ್ಯಾನಿಟೈಸರ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಜ್ವರ ಬಂದ ಒಬ್ಬರಿಗೆ ಮೂರು ದಿನದ ಕೂಲಿ ಕೊಟ್ಟು ಮನೆಗೆ ಕಳಿಸುವುದು ಐದಾರು ಮಷಿನ್ ನಿಲ್ಲುವುದಕ್ಕಿಂತ ಅಗ್ಗ, ಯೂನಿಟ್ ನಡೆಸುವವರು ಲೆಕ್ಕ ಹಾಕಿ ನೋಡಬಹುದು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ನಮ್ಮ ದೇಶದಲ್ಲಿ ಫ್ಲೂ ಮುಂಗಾರಿನಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ ಏಳುವುದರಿಂದ ಜಾತ್ರೆ ಆ ಹೊತ್ತಿಗೇ ಬೀಳುತ್ತದೆ. ಬಯಲಲ್ಲಿ ತೇರು ನೋಡುತ್ತ ನಿಂತಾಗಿನ ಅಪಾಯಕ್ಕಿಂತ, ಚಳಿಗೆ ಕಿಟಕಿಗಾಜು ಏರಿಸಿಕೊಂಡು ತುಂಬಿದ ಬಸ್ಸಲ್ಲಿ ಎರಡು ತಾಸು ಮನೆಗೆ ಮರಳುವಾಗಿನ ಅಪಾಯ ಹೆಚ್ಚು. ಮಾಸ್ಕ್ ಬೇಕಾದದ್ದು ಬಸ್ಸಿನಲ್ಲಿ.

ಮನೆಯಲ್ಲಿ ಮಾಸ್ಕ್ ಮೊದಲು ಜ್ವರದವರಿಗೆ, ಆಮೇಲೆ ಆರೈಕೆ ಮಾಡುವ ಒಬ್ಬರಿಗೆ. ಆರೈಕೆಗೆ ಒಬ್ಬರೇ ಇರಲಿ, ಗರ್ಭಿಣಿ ಆಗಿರಬಾರದು. ಮೂರು ಪದರದ ಮಾಸ್ಕ್ ತೇವವಾದ ತಕ್ಷಣ ಬದಲಿಸಿ. ಕರ್ಚೀಫಿಗೆ ಕೆಮ್ಮಿ ಅದನ್ನೇ ಜೇಬಿಗೆ ಹಾಕಿಕೊಂಡು ಮತ್ತೆ ಮುಖ ಒರೆಸುವುದಕ್ಕಿಂತ ಮೊಣಕೈ ಮಡಿಚಿ ಅದರೊಳಗೆ ಕೆಮ್ಮುವುದು ಮೇಲು. ಕೈ ತೊಳೆಯುವುದು 20 ಸೆಕೆಂಡಿಗೆ ಕಡಿಮೆ ಆಗಬಾರದು. ವೈರಸ್ಸಿನ ಹೊರಕವಚ ಕೊಬ್ಬಿನದು, ಸಾದಾ ಸೋಪು ಅದನ್ನು ಒಡೆಯುತ್ತದೆ, ದುಬಾರಿ ಸೋಪು ಬೇಕಿಲ್ಲ. ಬಾಗಿಲ ಚಿಲಕ, ಮೊಬೈಲ್, ನೀರಿನ ಚೊಂಬು ಇವನ್ನು ದಿನಕ್ಕೆ ಎರಡು ಸಲ ಸೋಪುನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬ್ಲೀಚಿಂಗ್ ಪೌಡರ್ ಬಳಸುವುದಾದರೆ 10 ಲೀಟರ್ ಬಕೆಟ್‌ಗೆ 30 ಗ್ರಾಂ. ನಮ್ಮ ಬಿಸಿಲಿಗೆ ತೆರೆದಿಟ್ಟ ಪೌಡರ್ ಸತ್ತುಹೋಗುತ್ತದೆ, ಮೂಗಿಗೆ ಘಾಟು ಬಡಿಯದಿದ್ದರೆ ಅದು ಬರೀ ಸುಣ್ಣ. ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಕೆಲಸಕ್ಕೆ, ಶಾಲೆಗೆ ಮರಳುವುದು ಯಾವಾಗ? ಪ್ಯಾರಾಸಿಟಮಾಲ್ ತೆಗೆದುಕೊಳ್ಳದೆ 24 ತಾಸು ಜ್ವರ ಬರದೇ ಇದ್ದ ಮೇಲೆ. ಗುಳಿಗೆಯ ಬಲದಿಂದ ಇಳಿದ ಜ್ವರ ಈ ಲೆಕ್ಕಕ್ಕೆ ಬರುವುದಿಲ್ಲ.

ಗುಳಿಗೆ, ಸೂಜಿ, ಸಲೈನ್

ಜ್ವರ-ನೋವಿಗೆ ಪ್ಯಾರಾಸಿಟಮಾಲ್ ಒಂದೇ ಸಾಕು. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಆರು ತಾಸಿನ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲ ಮೀರದಂತೆ. ಕಾಮಾಲೆ ಆದವರು, ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ನುಂಗಬಾರದು. ಮೆಡಿಕಲ್ ಶಾಪಿನಲ್ಲಿ ಕೊಡುವ ನೆಗಡಿ ಗುಳಿಗೆಗಳಲ್ಲಿ ಬಹುತೇಕ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದನ್ನೂ ನುಂಗಿ, ಜ್ವರದ ಗುಳಿಗೆಯನ್ನೂ ನುಂಗಿದರೆ ಡೋಸ್ ಎರಡರಷ್ಟಾಗುತ್ತದೆ. ಪಟ್ಟಿಯ ಹಿಂದೆ ಬರೆದದ್ದನ್ನು ಓದಿ.

ಮಕ್ಕಳಿಗೆ ತೂಕ ನೋಡಿ ಕೊಡಬೇಕು: ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ. ಅಂಗಡಿಯಲ್ಲಿ ಸಿರಪ್ ಎರಡು ಗಟ್ಟಿಯಲ್ಲಿ ಸಿಗುತ್ತದೆ, ಎಡವಟ್ಟು ಆಗುವುದೇ ಇಲ್ಲಿ. 5 ಎಂ.ಎಲ್.ಗೆ 120 ಮಿಲಿಗ್ರಾಂ ಇರುವ ಬಾಟಲಿಯಾದರೆ 5-6 ಎಂ.ಎಲ್. ಕೊಡಬಹುದು. 5 ಎಂ.ಎಲ್.ಗೆ 250 ಇರುವ ಬಾಟಲಿಯಾದರೆ 3 ಎಂ.ಎಲ್. ದಾಟಬಾರದು. "ಕಳೆದ ಸಲ ಒಂದು ಮುಚ್ಚಳ ಹಾಕಿದ್ವಿ" ಎಂದು ಹೊಸ ಬಾಟಲಿಯಿಂದಲೂ ಅಷ್ಟೇ ಹಾಕಿದರೆ ಮಗುವಿಗೆ ಹೆಚ್ಚಾಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸಿರಪ್ ಹುಡುಕಬೇಡಿ, ನೇರ ಆಸ್ಪತ್ರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಮಿಶ್ರ ಸಿರಪ್ ಬೇಡ. ಒಂದು ವರ್ಷ ದಾಟಿದ ಮಗುವಿಗೆ ರಾತ್ರಿ ಅರ್ಧ ಚಮಚ ಜೇನು ಕೆಮ್ಮಿಗೆ ಹಿತ, ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು.

ಆಸ್ಪಿರಿನ್ ಹದಿನೆಂಟು ವರ್ಷದೊಳಗಿನವರಿಗೆ ಫ್ಲೂನಲ್ಲಿ ಕೊಡಬಾರದು, ಮೆದುಳು-ಯಕೃತ್ತಿಗೆ ಹೊಡೆಯುವ ರೇ ಸಿಂಡ್ರೋಮ್ ಬರಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ದೊಡ್ಡವರಿಗೂ ಬೇಡ ಅನ್ನುವುದು ಡೆಂಗಿಯ ಕಾರಣಕ್ಕೆ, ರಕ್ತಸ್ರಾವ ಹೆಚ್ಚಿಸುತ್ತವೆ. ಮೈ-ಕೈ ನೋವಿಗೆ ಸೊಂಟಕ್ಕೆ ಮಾಡುವ ಸೂಜಿಯಲ್ಲಿ ಬಹಳ ಸಲ ಇರುವುದು ಇದೇ ಡೈಕ್ಲೋಫೆನಾಕ್. ಅದಕ್ಕಿಂತ ಕೆಟ್ಟದ್ದು ಹೆಸರಿಲ್ಲದ ಬಣ್ಣಬಣ್ಣದ ಬಿಡಿ ಗುಳಿಗೆಗಳ ಪೊಟ್ಟಣ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಜ್ವರ, ನೋವು ಎರಡೂ ಮಾಯವಾಗಿ ಗುಣವಾದಂತೆ ಅನ್ನಿಸುತ್ತದೆ. ಒಳಗೆ ವೈರಸ್ ಬೆಳೆಯುತ್ತಲೇ ಇರುತ್ತದೆ, ಸಕ್ಕರೆ ಕಾಯಿಲೆ ಇದ್ದವರ ಸಕ್ಕರೆ ಏರುತ್ತದೆ, ನ್ಯುಮೋನಿಯಾದ ಸುಳಿವು ಮುಚ್ಚಿಹೋಗುತ್ತದೆ. ಆ್ಯಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡದು. ಮೇಲೆ ಹೇಳಿದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಂದಾಗ ಮಾತ್ರ ಅದರ ಕೆಲಸ.

ಸಲೈನ್ ಹಚ್ಚಿದರೆ ಶಕ್ತಿ ಬರುತ್ತದೆ ಎಂಬುದು ಬಲವಾದ ನಂಬಿಕೆ. ಬಾಯಿಂದ ಕುಡಿಯಲು ಆಗುವವರಿಗೆ ಆ ಬಾಟಲಿಯಲ್ಲಿರುವುದು ನೀರು, ಉಪ್ಪು ಅಥವಾ ಸಕ್ಕರೆ ಅಷ್ಟೇ. ಗಂಜಿ, ಜೋಳದ ಅಂಬಲಿ, ಉಪ್ಪು ಹಾಕಿದ ನೀರುಮಜ್ಜಿಗೆ, ಬೇಳೆಕಟ್ಟು ಆ ಕೆಲಸ ಮಾಡುತ್ತವೆ. ಓ.ಆರ್.ಎಸ್. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಸಣ್ಣದು 200 ಎಂ.ಎಲ್.ಗೆ, ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಕಡಿಮೆ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಕೆಡುಕು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೂತ್ರ ಆರು ತಾಸಿಗೊಮ್ಮೆಯಾದರೂ ತಿಳಿಯಾಗಿ ಬರುತ್ತಿದ್ದರೆ ನೀರು ಸಾಕಾಗುತ್ತಿದೆ ಎಂದರ್ಥ. ಜ್ವರದ ಮಗುವಿಗೆ ಕಂಬಳಿ ಹೊದಿಸಿ ಬೆವರಿಳಿಸುವುದನ್ನು ಬಿಡಿ, ತೆಳು ಬಟ್ಟೆ ಸಾಕು. ಹಬೆ ಮೂಗು ಸಡಿಲ ಮಾಡುತ್ತದೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ, ಕುದಿಯುವ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವುದಂತೂ ಇದೆ.

ಒಸೆಲ್ಟಮಿವಿರ್ ಯಾರಿಗೆ

ಇದು ವೈರಸ್ಸಿನ ಕತ್ತರಿಯನ್ನೇ ಮೊಂಡು ಮಾಡುವ ಔಷಧಿ. ಹೊಸ ವೈರಸ್ ಕೋಶದಿಂದ ಬಿಡಿಸಿಕೊಂಡು ಮುಂದಕ್ಕೆ ಹೋಗಲಾರದು. ಆಗಲೇ ಎಲ್ಲ ಕಡೆ ಹರಡಿಬಿಟ್ಟಿದ್ದರೆ ಕತ್ತರಿ ಮೊಂಡಾಗಿ ಪ್ರಯೋಜನ ಕಡಿಮೆ, 48 ಗಂಟೆಯ ಮಾತು ಬಂದದ್ದು ಇದರಿಂದ. ದೊಡ್ಡವರಿಗೆ 75 ಮಿಲಿಗ್ರಾಂ ದಿನಕ್ಕೆರಡು ಸಲ, ಐದು ದಿನ. ಮಕ್ಕಳಿಗೆ ತೂಕದ ಮೇಲೆ 30, 45, 60 ಮಿಲಿಗ್ರಾಂ. ಮೂತ್ರಪಿಂಡದ ತೊಂದರೆ ಇದ್ದರೆ ಡೋಸ್ ಇಳಿಸಬೇಕು. ಖಾಲಿ ಹೊಟ್ಟೆಯಲ್ಲಿ ವಾಂತಿ ಬರುತ್ತದೆ, ಊಟದ ಜೊತೆ ನುಂಗಿ. ಡಾಕ್ಟರ ಚೀಟಿ ಇಲ್ಲದೆ ಸಿಗುವುದಿಲ್ಲ, ಸಿಗಲೂಬಾರದು.

ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿದೆ. ಸಣ್ಣ ಜ್ವರ, ಕೆಮ್ಮು, ಗಂಟಲುನೋವು ಇದ್ದು ಬೇರೇನೂ ಇಲ್ಲದವರು ಎ. ಇವರಿಗೆ ಸ್ವಾಬ್ (ಮೂಗು-ಗಂಟಲಿಂದ ಕಡ್ಡಿಯಲ್ಲಿ ದ್ರವ ತೆಗೆಯುವ) ಪರೀಕ್ಷೆಯೂ ಬೇಡ, ಒಸೆಲ್ಟಮಿವಿರ್ ಕೂಡ ಬೇಡ, 24ರಿಂದ 48 ತಾಸಿಗೆ ಮತ್ತೆ ನೋಡಬೇಕು. ಜೋರು ಜ್ವರ, ತೀವ್ರ ಗಂಟಲುನೋವು ಇದ್ದರೆ ಬಿ. ಇಂಥವರಿಗೆ ಒಸೆಲ್ಟಮಿವಿರ್ ಬೇಕಾಗಬಹುದು. ಜ್ವರ ಸಣ್ಣದಿದ್ದರೂ ಗರ್ಭಿಣಿ, ಚಿಕ್ಕ ಮಗು, 65 ದಾಟಿದವರು, ಸಕ್ಕರೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಯವರು, ಎಚ್‌ಐವಿ ಇರುವವರು ಬಿ ಗುಂಪಿಗೇ ಸೇರುತ್ತಾರೆ, ಔಷಧಿ ಶುರು ಮಾಡಲು ಸ್ವಾಬ್ ವರದಿಗಾಗಿ ಕಾಯಬೇಕಿಲ್ಲ. ಗರ್ಭಿಣಿಯರು "ಹೊಟ್ಟೆಯಲ್ಲಿ ಕೂಸು ಇದೆ, ಗುಳಿಗೆ ಬೇಡ" ಎಂದು ದಿನ ದೂಡುತ್ತಾರೆ. ಫ್ಲೂ ಗರ್ಭಿಣಿಗೆ ಮಾಡುವ ಕೇಡು ಈ ಔಷಧಿಗಿಂತ ಬಹಳ ದೊಡ್ಡದು. ಹಾಲುಣಿಸುವ ತಾಯಿ ಮಾಸ್ಕ್ ಹಾಕಿ, ಕೈ ತೊಳೆದು ಹಾಲು ಕೊಡುತ್ತಲೇ ಇರಬೇಕು.

ಸಿ ಗುಂಪು ಎಂದರೆ ಅದೇ ಗಳಿಗೆ ಆಸ್ಪತ್ರೆ: ದಮ್ಮು, ಎದೆನೋವು, ಕಫದಲ್ಲಿ ರಕ್ತ, ತುಟಿ-ಉಗುರು ನೀಲಿ, ಮಂಪರು, ಬಿ.ಪಿ. ಇಳಿಯುವುದು, ಮಗು ಹಾಲು-ನೀರು ಬಿಡುವುದು, ಸುಮ್ಮನಾಗದ ಅಳು ಅಥವಾ ಏಳದ ನಿದ್ದೆ. ಉಸಿರು ಎಣಿಸಲು ಕಲಿಯಿರಿ. ಮಗು ಅಳದೆ ಇರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ತಪ್ಪಾಗುತ್ತದೆ, ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆ ಒಳಗೆ ಗುಳಿಬಿದ್ದರೆ ಹೊರಡಿ. ಆಕ್ಸಿಮೀಟರ್ ಇದ್ದರೆ ಉಗುರುಬಣ್ಣ ತೆಗೆದು, ಬೆರಳು ಬೆಚ್ಚಗೆ ಮಾಡಿ ನೋಡಿ, 94ಕ್ಕಿಂತ ಕಡಿಮೆ ನಿಂತರೆ ಮನೆಯಲ್ಲಿರಬಾರದು. 108ಕ್ಕೆ ಫೋನ್ ಮಾಡಿ. ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ದೂರದ ತಾಲ್ಲೂಕಿನವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿಸಿಕೊಂಡೇ ಮುಂದೆ ಹೋಗಬೇಕು.

ಪ್ರತಿವರ್ಷ ಯಾಕೆ ಹೊಸದಾಗಿ ಬರುತ್ತದೆ

ದಡಾರ ಒಮ್ಮೆ ಬಂದರೆ ಮತ್ತೆ ಬಾರದು. ಫ್ಲೂ ಹಾಗಲ್ಲ. ಜೀನ್ಸ್ ಯೂನಿಟ್ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಕಟಿಂಗ್ ಮಾಸ್ಟರ್ ಮೂಲ ಪ್ಯಾಟರ್ನ್ ಕಳೆದುಕೊಂಡು, ಹಿಂದಿನ ಪ್ಯಾಂಟನ್ನೇ ಇಟ್ಟು ಗೆರೆ ಎಳೆದು ಮುಂದಿನದನ್ನು ಕತ್ತರಿಸುತ್ತ ಹೋದರೆ ಪ್ರತಿಸಲ ನೂಲಿನಷ್ಟು ವ್ಯತ್ಯಾಸ ಬೀಳುತ್ತದೆ. ನೂರನೆಯ ಪ್ಯಾಂಟು ಮೊದಲನೆಯದರಂತೆ ಇರುವುದಿಲ್ಲ. ಫ್ಲೂ ವೈರಸ್ಸಿನ ಪ್ಯಾಟರ್ನ್ ಎಂದರೆ ಆರ್‌ಎನ್‌ಎ ಎಂಬ ಅದರ ವಂಶವಾಹಿ ದಾರ, ಅದನ್ನು ನಕಲು ಮಾಡುವ ಯಂತ್ರಕ್ಕೆ ತಪ್ಪು ತಿದ್ದುವ ಕಣ್ಣಿಲ್ಲ. ಕೊಕ್ಕೆಯ ಆಕಾರ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತದೆ, ಹೋದ ವರ್ಷ ದೇಹ ಮಾಡಿಕೊಂಡ ಪ್ರತಿಕಾಯ ಈ ವರ್ಷದ ಕೊಕ್ಕೆಗೆ ಸರಿಯಾಗಿ ಕೂರುವುದಿಲ್ಲ. ಇದರಲ್ಲಿ ಎಚ್3ಎನ್2 ಎಲ್ಲಕ್ಕಿಂತ ಬೇಗ ಸರಿಯುತ್ತದೆ.

ಇನ್ನೊಂದು ಬಗೆ ದೊಡ್ಡದು. ಒಂದೇ ಮೇಜಿನ ಮೇಲೆ ಎರಡು ಲಾಟಿನ ತುಂಡುಗಳು ಕಲೆತು, ಒಂದರ ಕಾಲು, ಇನ್ನೊಂದರ ಜೇಬು, ಮತ್ತೊಂದರ ಪಟ್ಟಿ ಸೇರಿ ಯಾರೂ ನೋಡದ ಪ್ಯಾಂಟು ಹೊಲಿದಂತೆ. ಎಚ್1ಎನ್1, ಎಚ್3ಎನ್2 ಸೇರಿದ ಇನ್‌ಫ್ಲುಯೆಂಜಾ ಎ ಬಗೆಯ ವೈರಸ್ಸಿನ ಆರ್‌ಎನ್‌ಎ ಒಂದೇ ದಾರವಲ್ಲ, ಎಂಟು ಬಿಡಿ ತುಂಡು. ಒಂದೇ ಕೋಶಕ್ಕೆ ಹಕ್ಕಿಯ ವೈರಸ್ಸೂ ಮನುಷ್ಯನ ವೈರಸ್ಸೂ ಹೊಕ್ಕರೆ ತುಂಡುಗಳು ಅದಲುಬದಲಾಗಬಹುದು. ಹಂದಿಗೆ ಎರಡೂ ಅಂಟುತ್ತವೆ, ಆದ್ದರಿಂದ ಅದು ಅಂಥ ಮೇಜು. 1957, 1968, 2009ರ ಮಹಾಪಿಡುಗುಗಳು ಹೀಗೆ ಹುಟ್ಟಿದವು. 2009ರ ಎಚ್1ಎನ್1 ಈಗ ಸಾಧಾರಣ ಋತುಮಾನದ ಫ್ಲೂ ಆಗಿ ನಮ್ಮೊಡನೆ ಉಳಿದಿದೆ. ಇನ್ನೂ ಹಂದಿಜ್ವರ ಎಂದು ಕರೆದು ಹಂದಿ ಸಾಕುವವರನ್ನು ದೂರುವುದರಲ್ಲಿ ಅರ್ಥವಿಲ್ಲ, ಅದು ಹರಡುತ್ತಿರುವುದು ಮನುಷ್ಯರಿಂದ. 1918ರ ಪಿಡುಗು ಮುಂಬಯಿ ಬಂದರಿನಿಂದ ರೈಲು ಹಿಡಿದು ಒಳನಾಡಿಗೆ ಇಳಿದಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು-ಕೊಪ್ಪಳ ನಿಜಾಮರ ಸಂಸ್ಥಾನದಲ್ಲಿದ್ದವು. ದೇಶದಲ್ಲಿ ಕೋಟಿಗೂ ಮೀರಿ ಜನ ಸತ್ತರು.

ಲಸಿಕೆ: ಏಪ್ರಿಲ್-ಮೇ ನಮ್ಮ ತಿಂಗಳು

ಲಸಿಕೆ ಹಾಕಿಸಿ ರಕ್ಷಣೆ ಬರಲು ಎರಡು ವಾರ ಬೇಕು. ನಮ್ಮಲ್ಲಿ ಜೂನ್‌ನಿಂದ ಏರುವುದರಿಂದ ಏಪ್ರಿಲ್-ಮೇನಲ್ಲೇ ಮುಗಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಳಿಗಳನ್ನು ಆರಿಸುತ್ತದೆ: ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ. ಬೇಸಿಗೆಯಲ್ಲಿ ನಮಗೆ ಹೊಂದುವುದು ದಕ್ಷಿಣ ಗೋಳಾರ್ಧದ ಹೊಸ ಲಸಿಕೆ. ಪೆಟ್ಟಿಗೆಯ ಮೇಲೆ ವರ್ಷ ಮುದ್ರಿಸಿರುತ್ತದೆ, ಕೇಳಿ ನೋಡಿ. ಹೋದ ವರ್ಷದ ಉಳಿಕೆ ಹಾಕಿಸಿಕೊಳ್ಳಬೇಡಿ. ದೊಡ್ಡವರಿಗೆ 0.5 ಎಂ.ಎಲ್. ಒಂದು ಸೂಜಿ, ಪ್ರತಿವರ್ಷ. ಆರು ತಿಂಗಳಿಂದ ಎಂಟು ವರ್ಷದ ಮಕ್ಕಳಿಗೆ ಮೊದಲ ಸಲ ನಾಲ್ಕು ವಾರ ಬಿಟ್ಟು ಎರಡು ಸೂಜಿ. ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇದು ಇಲ್ಲ, ದುಡ್ಡು ಕೊಡಬೇಕು. ಮನೆಯಲ್ಲಿ ಒಬ್ಬರಿಗೆ ಮಾತ್ರ ಆಗುವ ಹಾಗಿದ್ದರೆ ಗರ್ಭಿಣಿಗೆ ಹಾಕಿಸಿ, ಹುಟ್ಟುವ ಕೂಸಿಗೂ ಮೊದಲ ತಿಂಗಳುಗಳಲ್ಲಿ ಕಾವಲಾಗುತ್ತದೆ.

ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇ ತಿಂಗಳಲ್ಲಿ ಮೆಡಿಕಲ್ ಶಾಪಿನಿಂದ ಕ್ಲಿನಿಕ್‌ಗೆ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬೈಕಿನಲ್ಲಿ ತಂದರೆ ಅರ್ಧ ಬೆಲೆ ದಾರಿಯಲ್ಲೇ ಹೋಯಿತು. ಐಸ್ ಗಡ್ಡೆಗೆ ನೇರ ತಾಗಿಸಿ ತಂದರೂ ಕೆಡುತ್ತದೆ, ಹೆಪ್ಪುಗಟ್ಟಿದ ಲಸಿಕೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ಐಸ್‌ಪ್ಯಾಕ್ ಇರುವ ಡಬ್ಬಿಯಲ್ಲಿ, ನಡುವೆ ಬಟ್ಟೆ ಸುತ್ತಿ ತರಬೇಕು. ಫ್ರಿಜ್ ಇರುವ ಕ್ಲಿನಿಕ್‌ನಲ್ಲೇ ಹಾಕಿಸಿಕೊಂಡರೆ ಈ ರಗಳೆಯೇ ಇಲ್ಲ. ತಳಿ ಚೆನ್ನಾಗಿ ಹೊಂದಿದ ವರ್ಷ ಡಾಕ್ಟರ ಬಳಿ ಹೋಗಬೇಕಾಗುವಂಥ ಫ್ಲೂ ಸುಮಾರು 40ರಿಂದ 60 ಪ್ರತಿಶತ ತಪ್ಪುತ್ತದೆ. ಸೂಜಿಯ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರುವುದಿಲ್ಲ, ತೋಳುನೋವು ಒಂದೆರಡು ದಿನ.

ಕೋಳಿ ಸತ್ತಾಗ

2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಬಂದಿತ್ತು. ಎಚ್5ಎನ್1 ವೈರಸ್ಸಿನ ಕೊಕ್ಕೆ ಹಕ್ಕಿಯ ಕೋಶಕ್ಕೆ ಹೊಂದುವಂಥದ್ದು. ಮನುಷ್ಯನಲ್ಲಿ ಅಂಥ ಜಾಗ ಶ್ವಾಸಕೋಶದ ಆಳದಲ್ಲಿ ಹೆಚ್ಚು. ಹಾಗಾಗಿ ಅಂಟುವುದು ಅಪರೂಪ, ಅಂಟಿದರೆ ನೇರ ಕೆಟ್ಟ ನ್ಯುಮೋನಿಯಾ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಲು ಭಯ ಬೇಡ, 70 ಡಿಗ್ರಿ ದಾಟಿದರೆ ವೈರಸ್ ಉಳಿಯುವುದಿಲ್ಲ. ಅರೆಬೆಂದ ಮೊಟ್ಟೆ ಆ ದಿನಗಳಲ್ಲಿ ಬೇಡ. ಫಾರಂನಲ್ಲೋ ಹಿತ್ತಲಲ್ಲೋ ಒಂದೆರಡು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತರೆ ಬರಿಗೈಲಿ ಮುಟ್ಟಬೇಡಿ, ಕಾಲುವೆಗೆ ಎಸೆಯಬೇಡಿ, ಸಾಯುವ ಮುಂಚೆ ಕೊಯ್ದು ಮಾರುವ ಯೋಚನೆ ಬೇಡ. ಪಶು ಆಸ್ಪತ್ರೆಗೆ ತಿಳಿಸಿ. ಅಂಥ ಕೋಳಿ ಹಿಡಿದವರಿಗೆ, ಪಂಜರ ತೊಳೆದವರಿಗೆ ಮುಂದಿನ ಹತ್ತು ದಿನದಲ್ಲಿ ಜ್ವರ ಬಂದರೆ ಡಾಕ್ಟರ ಮುಂದೆ ಕೂತ ಕೂಡಲೇ ಹೇಳಬೇಕಾದ ಮೊದಲ ಮಾತು "ಸತ್ತ ಕೋಳಿ ಮುಟ್ಟಿದ್ದೆ" ಎಂಬುದು. ಅದನ್ನು ಹೇಳದಿದ್ದರೆ ಅವರು ನಿಮ್ಮನ್ನು ಎ ಗುಂಪಿಗೆ ಹಾಕಿ ಎರಡು ದಿನ ಬಿಟ್ಟು ಬನ್ನಿ ಎನ್ನುತ್ತಾರೆ. ಹೇಳಿದರೆ ಸ್ವಾಬ್ ತೆಗೆದು, ವರದಿಗೆ ಕಾಯದೆ ಅವತ್ತೇ ಒಸೆಲ್ಟಮಿವಿರ್ ಶುರು ಮಾಡುತ್ತಾರೆ.